ಚೆಂದದ ಹುಂಜಕ್ಕೆ ಊರೇ ಮರುಳಾದ ಕಾಲ

ಬ್ರಹ್ಮ, ಕೊಚ್ಚಿನ್, ಸಿಲ್ಕಿ, ಪೋಲಿಷ್ ಕ್ಯಾಪ್. ಕೋಳಿ ಮಾರುವವರ ವಾಟ್ಸಾಪ್ ಗುಂಪುಗಳಲ್ಲಿ ಈಗ ಈ ಹೆಸರುಗಳು ದಿನವೂ ಓಡಾಡುತ್ತವೆ. ಕಾಲಿನ ತುಂಬ ಪುಕ್ಕ ಇರುವ ಭಾರಿ ಹುಂಜ, ಬೆಕ್ಕಿನ ಕೂದಲಿನಂಥ ಮೈಯ ಬಿಳಿ ಹೇಂಟೆ, ತಲೆಗೆ ಪುಕ್ಕದ ಟೋಪಿ ಹಾಕಿಕೊಂಡಂತಿರುವ ಕೋಳಿ. ಫೋಟೊ ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಹಿತ್ತಲಲ್ಲಿ ಹತ್ತು ನಾಟಿ ಕೋಳಿ ಇವೆ, ಇನ್ನೆರಡು ಬಂದರೆ ಏನು ಹೊರೆ ಎನ್ನಿಸುತ್ತದೆ.

ಸುಮಾರು 175 ವರ್ಷಗಳ ಹಿಂದೆ ಇಂಗ್ಲೆಂಡ್ ಮತ್ತು ಅಮೆರಿಕದ ಸಾವಿರಾರು ಮನೆಗಳಲ್ಲಿ ಜನ ಹೀಗೆಯೇ ಯೋಚಿಸಿದ್ದರು. ಆಗ ಅವರ ಮನಸ್ಸು ಕೆಡಿಸಿದ ಕೋಳಿಗಳಲ್ಲೂ ಮುಖ್ಯವಾದವು ಇದೇ ಕೊಚ್ಚಿನ್, ಇದೇ ಬ್ರಹ್ಮ. ಕೆಲವರು ದುಡ್ಡು ಮಾಡಿದರು, ಬಹಳ ಜನ ಕಳೆದುಕೊಂಡರು, ಒಂದೆರಡು ಒಳ್ಳೆಯ ತಳಿಗಳು ಹಾಳಾದವು. ಆದರೆ ಅದೇ ಕೋಳಿಗಳಿಂದ ಕೆಲವು ರೈತರು ಲೋಕಕ್ಕೆಲ್ಲ ಉಪಯೋಗಕ್ಕೆ ಬಂದ ತಳಿಗಳನ್ನೂ ಕಟ್ಟಿದರು. ಒಂದು ಜೋಡಿಗೆ ಹಣ ಕೊಡುವ ಮುಂಚೆ ಆ ಕಥೆ ತಿಳಿದಿರುವುದು ಒಳ್ಳೆಯದು.

ಕೊಚ್ಚಿನ್ ಕೋಳಿ ಕೊಚ್ಚಿಯದಲ್ಲ

ಮೊದಲು ಹೆಸರಿನ ವಿಷಯ. ಕೊಚ್ಚಿನ್ ಎಂದರೆ ಕೇರಳದ ಕೊಚ್ಚಿಯ ಕೋಳಿ ಇರಬೇಕು ಎಂದು ನಮ್ಮಲ್ಲಿ ಅನೇಕರು ಅಂದುಕೊಳ್ಳುತ್ತಾರೆ. ಹಾಗಲ್ಲ. ಈಗಿನ ವಿಯೆಟ್ನಾಂನ ದಕ್ಷಿಣ ಭಾಗವನ್ನು ಯುರೋಪಿನವರು ‘ಕೊಚ್ಚಿನ್ ಚೈನಾ’ ಎಂದು ಕರೆಯುತ್ತಿದ್ದರು. ನಮ್ಮ ಕೊಚ್ಚಿಯ ಜೊತೆ ಗೊಂದಲ ಆಗದಿರಲಿ ಎಂದು ಪೋರ್ಚುಗೀಸರು ಹಿಂದೆ ‘ಚೈನಾ’ ಸೇರಿಸಿದ್ದರು. 1840ರ ದಶಕದ ಆರಂಭದಲ್ಲಿ ಪೂರ್ವ ದೇಶದಿಂದ ಹಡಗಿನಲ್ಲಿ ಇಂಗ್ಲೆಂಡಿಗೆ ಬಂದ ಕೆಲವು ದೊಡ್ಡ ಕೋಳಿಗಳಿಗೆ ಈ ಹೆಸರು ಅಂಟಿಕೊಂಡಿತು. ಮುಂದೆ ‘ಚೈನಾ’ ಉದುರಿ ಬರೀ ‘ಕೊಚ್ಚಿನ್’ ಉಳಿಯಿತು.

ಆ ಹೆಸರಿನಲ್ಲಿ ಆಮೇಲೆ ದಂಡಿಯಾಗಿ ಬಂದ ಕೋಳಿಗಳು ವಿಯೆಟ್ನಾಂನವೂ ಅಲ್ಲ, ಚೀನಾದ ಶಾಂಘೈ ಕಡೆಯವು. 1842ರಲ್ಲಿ ಅಫೀಮು ಯುದ್ಧದಲ್ಲಿ ಸೋತ ಚೀನಾ, ಶಾಂಘೈ ಸೇರಿ ಐದು ಬಂದರುಗಳನ್ನು ಬ್ರಿಟಿಷರ ವ್ಯಾಪಾರಕ್ಕೆ ತೆರೆಯಬೇಕಾಯಿತು. ಅಲ್ಲಿಂದ ಹೊರಟ ಹಡಗುಗಳಲ್ಲಿ ಚಹಾ, ರೇಷ್ಮೆಯ ಜೊತೆ ಕೋಳಿಗಳೂ ಬಂದವು.

ಬ್ರಹ್ಮ ಕೋಳಿಯದೂ ಇದೇ ಕಥೆ. ಬ್ರಹ್ಮದೇವರಿಗೂ ಅದಕ್ಕೂ ಸಂಬಂಧ ಇಲ್ಲ. ಮೊದಲು ಅದನ್ನು ‘ಬೂದು ಶಾಂಘೈ’ ಎಂದೂ ಕರೆಯುತ್ತಿದ್ದರು. ಶಾಂಘೈ ಕೋಳಿಗೆ ಚಿತ್ತಗಾಂಗ್ ಕಡೆಯ ಎತ್ತರದ ಕೋಳಿಯ ರಕ್ತ ಬೆರೆತು ಈ ತಳಿ ಅಮೆರಿಕದಲ್ಲಿ ರೂಪಗೊಂಡಿತು ಎಂದು ತಿಳಿದವರು ಹೇಳುತ್ತಾರೆ. ‘ಬ್ರಹ್ಮಪೂತ್ರ’ ಎಂದು ಬ್ರಹ್ಮಪುತ್ರಾ ನದಿಯ ಹೆಸರು ಇಟ್ಟಿದ್ದು ಕೇಳಲು ದೊಡ್ಡದಾಗಿರಲಿ ಎಂದು. ದೂರದೂರಿನ ಹೆಸರು ಇಟ್ಟರೆ ಬೆಲೆ ಏರುತ್ತದೆ ಎನ್ನುವುದು ಅಂದಿನ ವ್ಯಾಪಾರಿಗೂ ಗೊತ್ತಿತ್ತು.

ರಾಣಿ ಸಾಕಿದಳು, ದೇಶ ಹಿಂಬಾಲಿಸಿತು

ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಗೆ ಪ್ರಾಣಿ ಪಕ್ಷಿ ಎಂದರೆ ಇಷ್ಟ. ಮೊದಮೊದಲು ಬಂದ ಕೊಚ್ಚಿನ್ ಚೈನಾ ಕೋಳಿಗಳು ಅವಳ ಕೈ ಸೇರಿದವು. ವಿಂಡ್ಸರ್ ಅರಮನೆಯ ಆವರಣದಲ್ಲಿ ಅವಕ್ಕೆಂದೇ ಒಳ್ಳೆಯ ಗೂಡು ಕಟ್ಟಿಸಿದರು. ಪತ್ರಿಕೆಗಳಲ್ಲಿ ಅವುಗಳ ಚಿತ್ರ ಬಂತು. ರಾಣಿ ಸಾಕಿದ ಮೇಲೆ ಜಮೀನುದಾರರು ಸಾಕಿದರು, ಅವರನ್ನು ನೋಡಿ ಪಾದ್ರಿಗಳು, ಅಂಗಡಿಯವರು, ಕಾರ್ಖಾನೆಯ ಕೂಲಿಗಳು ಸಾಕಿದರು.

ಇನ್ನೊಂದು ಕಾರಣವೂ ಇತ್ತು. ಇಂಗ್ಲೆಂಡಿನಲ್ಲಿ 1835ರ ಕಾನೂನು ಕೋಳಿ ಅಂಕವನ್ನು ನಿಷೇಧಿಸಿತ್ತು. ನಮ್ಮ ತುಳುನಾಡಿನಲ್ಲಿ ಇರುವ ಹಾಗೆ ಅಲ್ಲೂ ಹುಂಜದ ಮೈಬಣ್ಣ, ವಂಶ, ತಾಕತ್ತು ಬಲ್ಲವರು ಬಹಳ ಇದ್ದರು. ಅಂಕದ ಕಣ ಮುಚ್ಚಿದ ಮೇಲೆ ಪೈಪೋಟಿಗೆ ಇನ್ನೊಂದು ಜಾಗ ಬೇಕಾಗಿತ್ತು. ಕೋಳಿ ಪ್ರದರ್ಶನ ಆ ಜಾಗ ಆಯಿತು. ಯಾರ ಹುಂಜ ಗೆಲ್ಲುತ್ತದೆ ಎನ್ನುವುದರ ಬದಲು ಯಾರ ಹುಂಜ ಚೆಂದ ಎನ್ನುವುದು ಪಂದ್ಯವಾಯಿತು.

ಅಮೆರಿಕದಲ್ಲಿ ಈ ಹುಚ್ಚು ಇನ್ನೂ ಜೋರಾಗಿ ಹಿಡಿಯಿತು. 1849ರ ನವೆಂಬರ್‌ನಲ್ಲಿ ಬೋಸ್ಟನ್ ನಗರದ ಉದ್ಯಾನದಲ್ಲಿ ಒಂದು ಕೋಳಿ ಪ್ರದರ್ಶನ ನಡೆಯಿತು. ಸಾವಿರಕ್ಕೂ ಹೆಚ್ಚು ಕೋಳಿಗಳು ಬಂದಿದ್ದವು, ನೋಡಲು ಸುಮಾರು 10,000 ಜನ ಸೇರಿದ್ದರು. ಅಲ್ಲಿಂದ ಐದಾರು ವರ್ಷ ಜನರ ಬಾಯಲ್ಲಿ ಶಾಂಘೈ ಕೋಳಿಯದೇ ಮಾತು. ಕೂಲಿಯವನಿಗೆ ದಿನಕ್ಕೆ ಸುಮಾರು 1 ಡಾಲರ್ ಸಿಗುತ್ತಿದ್ದ ಕಾಲ ಅದು. ಒಳ್ಳೆಯ ಜೋಡಿಯೊಂದಕ್ಕೆ ನೂರು ಡಾಲರ್‌ಗೂ ಮೇಲೆ ಕೊಟ್ಟವರಿದ್ದರು.

ಬೋಸ್ಟನ್ ಕಡೆಯ ಜಾರ್ಜ್ ಬರ್ನ್‌ಹ್ಯಾಮ್ ಎಂಬ ವ್ಯಾಪಾರಿ ಈ ಹುಚ್ಚಿನಲ್ಲಿ ಚೆನ್ನಾಗಿ ದುಡ್ಡು ಮಾಡಿದ. 1852ರ ಕೊನೆಗೆ ತನ್ನ ಒಂಬತ್ತು ಬೂದು ಶಾಂಘೈ ಕೋಳಿಗಳನ್ನು ವಿಕ್ಟೋರಿಯಾ ರಾಣಿಗೆ ಕಾಣಿಕೆಯಾಗಿ ಹಡಗಿನಲ್ಲಿ ಕಳಿಸಿದ. ಲಂಡನ್ ಪತ್ರಿಕೆಯಲ್ಲಿ ಅವುಗಳ ಚಿತ್ರ ಬಂತು. ಒಂಬತ್ತು ಕೋಳಿ ಪುಕ್ಕಟೆ ಕೊಟ್ಟು ಎಷ್ಟು ದುಡ್ಡು ಕೊಟ್ಟರೂ ಸಿಗದ ಜಾಹೀರಾತು ಪಡೆದ. ಗಿರಾಕಿಗಳು ಮುಗಿಬಿದ್ದರು.

1855ರ ಹೊತ್ತಿಗೆ ಹುಚ್ಚು ಇಳಿಯಿತು. ಕೊಂಡವರೆಲ್ಲ ಮರಿ ಮಾಡಿ ಮಾರಲು ನಿಂತಾಗ ಕೊಳ್ಳುವವರೇ ಉಳಿಯಲಿಲ್ಲ, ಬೆಲೆ ಬಿದ್ದುಹೋಯಿತು. ಅದೇ ವರ್ಷ ಬರ್ನ್‌ಹ್ಯಾಮ್ ‘ಕೋಳಿ ಜ್ವರದ ಇತಿಹಾಸ’ ಎಂಬ ಅರ್ಥದ ಹೆಸರಿಟ್ಟು ಒಂದು ಪುಸ್ತಕ ಬರೆದು, ಜನ ಹೇಗೆ ಮೋಸ ಹೋದರು ಎಂದು ನಗುನಗುತ್ತ ವಿವರಿಸಿದ. ಕೋಳಿ ಮಾರಿ ಒಮ್ಮೆ ಗಳಿಸಿದ, ಕೋಳಿಯ ಕಥೆ ಮಾರಿ ಇನ್ನೊಮ್ಮೆ ಗಳಿಸಿದ. ಅವನ ಮಾತು ಕೇಳಿ ಕೋಳಿ ಕೊಂಡವರ ಹೆಸರು ಇತಿಹಾಸದಲ್ಲಿ ಇಲ್ಲ.

ಕಣ್ಣಿಗಾಗಿ ಸಾಕಿದ ಮೇಲೆ

ಬೆಲೆ ಬಿದ್ದರೂ ಪ್ರದರ್ಶನಗಳು ನಿಲ್ಲಲಿಲ್ಲ. ಯಾವ ತಳಿ ಹೇಗಿರಬೇಕು ಎಂದು ಬರೆದಿಡುವ ಕೆಲಸ ಶುರುವಾಯಿತು. ಇಂಗ್ಲೆಂಡಿನಲ್ಲಿ 1865ರಲ್ಲಿ, ಅಮೆರಿಕದಲ್ಲಿ 1874ರಲ್ಲಿ ಇಂಥ ನಿಯಮ ಪುಸ್ತಕಗಳು ಬಂದವು. ಜುಟ್ಟು ಎಷ್ಟು ಹಲ್ಲಿನದು, ಕಿವಿಯ ಕೆಳಗಿನ ಜೋಲು ಯಾವ ಬಣ್ಣದ್ದು, ಕಾಲಿಗೆ ಎಷ್ಟು ಪುಕ್ಕ, ಎಲ್ಲಕ್ಕೂ ಅಂಕ. ಪಂಜರದಲ್ಲಿ ನಿಂತ ಕೋಳಿ ವರ್ಷಕ್ಕೆ ಎಷ್ಟು ಮೊಟ್ಟೆ ಇಡುತ್ತದೆ, ಮರಿ ಸಾಕುತ್ತದೆಯೋ ಇಲ್ಲವೋ ಎನ್ನುವುದು ತೀರ್ಪುಗಾರನಿಗೆ ಕಾಣುವುದಿಲ್ಲ. ಕಾಣದ್ದಕ್ಕೆ ಅಂಕ ಇಲ್ಲ. ಅಂಕ ಇಲ್ಲದ ಗುಣವನ್ನು ಆರಿಸುವವರೂ ಇಲ್ಲ.

ಇದರ ಫಲ ನಿಧಾನವಾಗಿ ಕಂಡಿತು. ಶಾಂಘೈ ಕೋಳಿ ಬಂದ ಹೊಸದರಲ್ಲಿ ಜನ ಅದನ್ನು ಮೆಚ್ಚಿದ್ದು ಬರೀ ಗಾತ್ರಕ್ಕಲ್ಲ. ಉಳಿದ ಕೋಳಿಗಳು ಮೊಟ್ಟೆ ನಿಲ್ಲಿಸುವ ಚಳಿಗಾಲದಲ್ಲೂ ಅದು ಮೊಟ್ಟೆ ಇಡುತ್ತಿತ್ತು. ಸ್ವಭಾವ ಸಾಧು, ಹಾರುವುದಿಲ್ಲ, ಗಿಡ್ಡ ಬೇಲಿ ಸಾಕಾಗುತ್ತಿತ್ತು. ಮುಂದೆ ಸಾಕುವವರು ಪೀಳಿಗೆ ಪೀಳಿಗೆಗೂ ಪುಕ್ಕ ನೋಡಿ ಆರಿಸಿದರು. ಹತ್ತಿಯ ಮೂಟೆಯಂಥ ಕೊಚ್ಚಿನ್ ತಯಾರಾಯಿತು, ಮೊಟ್ಟೆ ಕಡಿಮೆಯಾಯಿತು. ಚಳಿಗಾಲದ ಮೊಟ್ಟೆಗೆ ಹೆಸರಾಗಿ ಬಂದ ಕೋಳಿ ಕೊನೆಗೆ ನೋಡುವುದಕ್ಕಷ್ಟೇ ಎನ್ನುವಂತಾಯಿತು.

ಸ್ಪ್ಯಾನಿಷ್ ಎಂಬ ಕಪ್ಪು ಕೋಳಿಯದು ಇನ್ನೂ ಬೇಸರದ ಕಥೆ. ಒಂದು ಕಾಲದಲ್ಲಿ ದೊಡ್ಡ ಬಿಳಿ ಮೊಟ್ಟೆಗೆ ಅದು ಹೆಸರುವಾಸಿ. ಅದರ ಮುಖ ಬೆಳ್ಳಗಿರುತ್ತದೆ. ಆ ಬಿಳುಪು ಹೆಚ್ಚಿದ್ದಷ್ಟೂ ಬಹುಮಾನ ಎಂದಾಯಿತು. ಮುಖದ ಬಿಳಿ ಚರ್ಮ ಜೋತು ಬೀಳುವಷ್ಟು ಬೆಳೆಸಿದರು. ತಳಿ ಸೂಕ್ಷ್ಮವಾಯಿತು, ಮರಿ ಉಳಿಸುವುದು ಕಷ್ಟವಾಯಿತು, ರೈತರು ಕೈಬಿಟ್ಟರು.

ಪೋಲಿಷ್ ಕೋಳಿಯ ಪುಕ್ಕದ ಟೋಪಿ ಕಣ್ಣಿಗೆ ಅಡ್ಡ ಬರುತ್ತದೆ. ಮೇಲಿನಿಂದ ಎರಗುವ ಹದ್ದು ಅದಕ್ಕೆ ಕಾಣುವುದಿಲ್ಲ. ಪಂಜರದಲ್ಲಿ ಇದು ತೊಂದರೆಯೇ ಅಲ್ಲ. ತಿಪ್ಪೆ ಕೆದರುತ್ತ ಅಡ್ಡಾಡುವ ಹಿತ್ತಲಲ್ಲಿ ಇದು ಪ್ರಾಣದ ಪ್ರಶ್ನೆ.

ಸಿಲ್ಕಿಯನ್ನು ಮಾತ್ರ ಈ ಸಾಲಿಗೆ ಸೇರಿಸುವಂತಿಲ್ಲ. ಬೆಕ್ಕಿನ ಹಾಗೆ ಕೂದಲಿರುವ ಕೋಳಿಗಳು ಚೀನಾದಲ್ಲಿವೆ ಎಂದು 13ನೇ ಶತಮಾನದಲ್ಲಿ ಮಾರ್ಕೊ ಪೋಲೊ ಹೇಳಿದ್ದು ಇದರ ಬಗ್ಗೆಯೇ ಇರಬೇಕು. ಮೊಟ್ಟೆ ಕಡಿಮೆ, ಮಳೆಯಲ್ಲಿ ನೆನೆದರೆ ಮೈ ಒದ್ದೆಯಾಗಿ ನಡುಗುತ್ತದೆ. ಆದರೆ ಕಾವಿಗೆ ಕೂರುವುದರಲ್ಲಿ ಇದನ್ನು ಮೀರಿಸುವ ಕೋಳಿ ಕಡಿಮೆ. ಬೇರೆ ಹಕ್ಕಿಗಳ ಮೊಟ್ಟೆಯನ್ನೂ ಮರಿ ಮಾಡಿಸಲು ಇಂಗ್ಲೆಂಡಿನವರು ಇದನ್ನೇ ಇಟ್ಟುಕೊಳ್ಳುತ್ತಿದ್ದರು.

ಡಾರ್ವಿನ್ ಕೋಳಿ ಬೆರಕೆ ಮಾಡಿದಾಗ

ಜೀವವಿಕಾಸದ ಸಿದ್ಧಾಂತ ಕೊಟ್ಟ ಚಾರ್ಲ್ಸ್ ಡಾರ್ವಿನ್‌ಗೆ ಈ ಕೋಳಿ ಸಾಕಣೆಗಾರರಿಂದ ಬಹಳ ಉಪಯೋಗವಾಯಿತು. ಇಷ್ಟು ಬಗೆಯ ಕೋಳಿಗಳೆಲ್ಲ ಒಂದೇ ಮೂಲದಿಂದ ಬಂದವೇ ಎನ್ನುವುದು ಅವನ ಪ್ರಶ್ನೆ. ಕಲ್ಕತ್ತಾದ ಏಷ್ಯಾಟಿಕ್ ಸೊಸೈಟಿ ವಸ್ತುಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲೈತ್, ಭಾರತದ ಕಾಡುಕೋಳಿಗಳ ಬಗ್ಗೆ ಅವನಿಗೆ ಕಾಗದ ಬರೆಯುತ್ತಿದ್ದ. ಎಲ್ಲಕ್ಕೂ ಮೂಲ ಕೆಂಪು ಕಾಡುಕೋಳಿ ಎಂದು ಡಾರ್ವಿನ್ ತೀರ್ಮಾನಿಸಿದ. ನಮ್ಮ ಪಶ್ಚಿಮ ಘಟ್ಟದಲ್ಲಿ ಕೂಗುವ ಬೂದು ಕಾಡುಕೋಳಿಯ ಪಾಲೂ ಅದರಲ್ಲಿದೆ ಎಂದು ತಿಳಿದದ್ದು ಬಹಳ ತಡವಾಗಿ. ಸಾಕುಕೋಳಿಯ ಹಳದಿ ಕಾಲು, ಹಳದಿ ಚರ್ಮದ ಗುಣ ಈ ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು.

ಡಾರ್ವಿನ್ ತಾನೇ ಕೋಳಿ ಸಾಕಿ ಬೆರಕೆ ಮಾಡಿ ನೋಡಿದ. ಕಪ್ಪು ಸ್ಪ್ಯಾನಿಷ್ ಹುಂಜವನ್ನು ಬಿಳಿ ಸಿಲ್ಕಿ ಹೇಂಟೆಗಳ ಜೊತೆ ಬಿಟ್ಟ. ಆ ಬೆರಕೆಯಲ್ಲಿ ಹುಟ್ಟಿದ ಒಂದು ಹುಂಜ ದೊಡ್ಡದಾಗುತ್ತ ಹೆಚ್ಚುಕಡಿಮೆ ಕೆಂಪು ಕಾಡುಕೋಳಿಯ ಬಣ್ಣ ತಾಳಿತು. ಕಾವಿಗೆ ಕೂರುವುದನ್ನೇ ಮರೆತ ಎರಡು ತಳಿಗಳನ್ನು ಬೆರೆಸಿದರೆ ಹುಟ್ಟುವ ಹೇಂಟೆಗಳು ಮತ್ತೆ ಗಟ್ಟಿಯಾಗಿ ಕಾವಿಗೆ ಕೂರುವುದುಂಟು ಎಂದೂ ಅವನು 1868ರ ಪುಸ್ತಕದಲ್ಲಿ ದಾಖಲಿಸಿದ.

ಹಿತ್ತಲಲ್ಲಿ ಕೋಳಿ ಸಾಕುವವರಿಗೆ ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಚೆಂದದ ತಳಿಯನ್ನು ಬೇರೆ ಕೋಳಿಗಳ ಜೊತೆ ಬಿಟ್ಟರೆ ಆ ಚೆಂದ ಉಳಿಯುವುದಿಲ್ಲ. ಹುಟ್ಟುವ ಮರಿಗಳು ಅದರ ಬೆಲೆಯವೂ ಅಲ್ಲ. ಸಿಲ್ಕಿಯನ್ನೇ ನೋಡಿ. ಸಿಲ್ಕಿಗೂ ನಾಟಿಗೂ ಹುಟ್ಟಿದ ಮರಿಗಳೆಲ್ಲ ಮಾಮೂಲಿ ಪುಕ್ಕದವೇ. ಆ ಕೂದಲು ಮತ್ತೆ ಕಾಣಬೇಕಾದರೆ ಬೆರಕೆ ಮರಿಗಳನ್ನೇ ತಮ್ಮತಮ್ಮಲ್ಲಿ ಜೋಡಿ ಮಾಡಬೇಕು. ಆಗಲೂ ನಾಲ್ಕರಲ್ಲಿ ಒಂದಕ್ಕೆ ಮಾತ್ರ ಅದು ಬರುತ್ತದೆ. ಕೊಚ್ಚಿನ್, ಬ್ರಹ್ಮದ ಕಾಲಿನ ಪುಕ್ಕ ಮಾತ್ರ ಮೊದಲ ಪೀಳಿಗೆಯಲ್ಲೇ ಅಷ್ಟೋ ಇಷ್ಟೋ ಇಳಿಯುತ್ತದೆ. ನಮ್ಮ ಮಳೆಗಾಲದ ಕೆಸರು, ಸಗಣಿ ಮೆತ್ತಿಕೊಳ್ಳುವುದೂ ಅಲ್ಲೇ.

ಅದೇ ಕೋಳಿ, ಬೇರೆ ಕಣ್ಣು

ಹಾಗಾದರೆ ಹೊರಗಿನ ಕೋಳಿ ತರುವುದೇ ತಪ್ಪೇ? ಇಲ್ಲ. ಅಮೆರಿಕದ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯದ ರೈತರು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಪಕ್ಕದ ಬಂದರುಗಳಿಗೆ ನಾವಿಕರು ತಂದ ಮಲಯ ಹುಂಜ, ಶಾಂಘೈ ಹುಂಜಗಳನ್ನು ಅವರೂ 1850ರ ದಶಕದಿಂದ ಕೊಂಡು ತಮ್ಮ ಹಿತ್ತಲ ಕೋಳಿಗಳ ಜೊತೆ ಬಿಟ್ಟರು. ಬೋಸ್ಟನ್ ಜನರನ್ನು ಮರುಳು ಮಾಡಿದ ಕೋಳಿಗಳ ನೆಂಟರೇ ಅವು. ಆದರೆ ಈ ರೈತರು ಮೊಟ್ಟೆ ಮಾರಿ ಬದುಕಬೇಕಾಗಿತ್ತು. ಚಳಿಯಲ್ಲಿ ಮೊಟ್ಟೆ ಇಟ್ಟ ಹೇಂಟೆ, ಮಾಂಸ ತುಂಬಿಕೊಂಡ ಹುಂಜ, ಕಾಯಿಲೆ ಬೀಳದ ಮರಿ, ಇವನ್ನೇ ಮುಂದಿನ ಪೀಳಿಗೆಗೆ ಉಳಿಸಿಕೊಂಡರು. ಉಳಿದವು ಪೇಟೆಗೆ ಹೋದವು.

ಸುಮಾರು ಐವತ್ತು ವರ್ಷ ಹೀಗೆ ನಡೆದ ಮೇಲೆ ರೋಡ್ ಐಲೆಂಡ್ ರೆಡ್ ಎಂಬ ಕೆಂಪು ಕೋಳಿ ಗಟ್ಟಿ ತಳಿಯಾಗಿ ನಿಂತಿತು. ಪ್ರದರ್ಶನದ ಪುಸ್ತಕ ಅದನ್ನು ಒಪ್ಪಿಕೊಂಡಿದ್ದು 1904ರಲ್ಲಿ. ಅಂದರೆ ರೈತರು ಒಪ್ಪಿ ಎಷ್ಟೋ ಕಾಲವಾದ ಮೇಲೆ. 1925ರಲ್ಲಿ ಆ ಊರಿನವರು ಈ ಕೋಳಿಗೆ ಸ್ಮಾರಕವನ್ನೇ ಕಟ್ಟಿದರು. ಆಮೇಲೆ ಪ್ರದರ್ಶನಕ್ಕೆ ಸಾಕಿದವರ ರೆಡ್ ಬೇರೆ, ಮೊಟ್ಟೆಗೆ ಸಾಕಿದವರ ರೆಡ್ ಬೇರೆ ಎಂಬಂತಾಯಿತು. ಒಂದೇ ತಳಿ, ಆರಿಸುವ ಕಣ್ಣು ಬೇರೆಯಾದರೆ ಎರಡಾಗುತ್ತದೆ.

ನಮ್ಮ ದೇಶದ ಅಸೀಲ್ ಕೋಳಿಯದೂ ಇಂಥದೇ ಪಯಣ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನವರು ಅಂಕಕ್ಕೆಂದು ಅಸೀಲ್ ತಂದು ಅಲ್ಲಿನ ಅಂಕದ ಕೋಳಿಗೆ ಬೆರೆಸಿದರು. ಆ ಬೆರಕೆ ಅಂಕದಲ್ಲಿ ಹೆಸರು ಮಾಡಲಿಲ್ಲ, ಆದರೆ ಎದೆಯ ಮಾಂಸ ದಂಡಿಯಾಗಿತ್ತು. ‘ಇಂಡಿಯನ್ ಗೇಮ್’ ಎಂದೂ ‘ಕಾರ್ನಿಷ್’ ಎಂದೂ ಕರೆಸಿಕೊಂಡ ಆ ಕೋಳಿಯನ್ನು ಬಿಳಿ ಪ್ಲಿಮತ್ ರಾಕ್ ಜೊತೆ ಸೇರಿಸಿ ಈಗಿನ ಬ್ರಾಯ್ಲರ್ ಮಾಡಿದರು. ನಿಮ್ಮೂರ ಚಿಕನ್ ಅಂಗಡಿಯ ಬಿಳಿ ಕೋಳಿಯಲ್ಲಿ ದೂರದ ಅಸೀಲ್ ರಕ್ತ ಇದೆ.

ನಮ್ಮ ಹಿತ್ತಲಿನ ಪಾಠ

ನಮ್ಮಲ್ಲೂ ಹಿತ್ತಲ ಕೋಳಿಯನ್ನು ಸುಧಾರಿಸುವ ಕೆಲಸ ನಡೆದಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಗಿರಿರಾಜ ಕೋಳಿ ಮಾಡಿದರು, ಮುಂದೆ ಅಲ್ಲೇ ಸ್ವರ್ಣಧಾರಾ ಬಂತು. ಮೈಬಣ್ಣ ನಾಟಿ ಕೋಳಿಯಂತೆ, ತೂಕ ಜಾಸ್ತಿ. ನಾಟಿ ಹೇಂಟೆ ವರ್ಷಕ್ಕೆ 50–60 ಮೊಟ್ಟೆ ಇಟ್ಟರೆ ಗಿರಿರಾಜ 130–150ರವರೆಗೆ ಇಡುತ್ತದೆ. ಇದು ಅಲಂಕಾರದ ಕೋಳಿ ಅಲ್ಲ, ಉಪಯೋಗ ನೋಡಿ ಮಾಡಿದ್ದು. ಆದರೂ ಗಿರಿರಾಜ ಹೇಂಟೆ ಕಾವಿಗೆ ಕೂರುವುದಿಲ್ಲ. ಅದರ ಮೊಟ್ಟೆ ಮರಿಯಾಗಬೇಕಾದರೆ ನಾಟಿ ಹೇಂಟೆಯ ಕೆಳಗೆ ಇಡಬೇಕು, ಇಲ್ಲವೇ ಮರಿಯನ್ನೇ ಕೊಂಡು ತರಬೇಕು.

ನಮ್ಮ ನಾಟಿ ಹೇಂಟೆಯ ಬೆಲೆ ಇಲ್ಲಿ ತಿಳಿಯುತ್ತದೆ. ಹತ್ತು ಹನ್ನೆರಡು ಮೊಟ್ಟೆ ಇಟ್ಟು, 21 ದಿನ ಮಂಕರಿಯಲ್ಲಿ ಕೂತು, ಮರಿ ಎಬ್ಬಿಸಿ, ಹದ್ದು ಬಂದರೆ ರೆಕ್ಕೆ ಬಿಚ್ಚಿ ಎದುರು ನಿಲ್ಲುವ ಗುಣಕ್ಕೆ ಯಾವ ಪ್ರದರ್ಶನದಲ್ಲೂ ಅಂಕ ಇಲ್ಲ. ಕರೆಂಟು, ಮಷೀನು ಇಲ್ಲದೆ ಮನೆಯ ಕೋಳಿ ಮನೆಯಲ್ಲೇ ಹೆಚ್ಚುವುದು ಆ ಗುಣದಿಂದ. ಅದು ಒಮ್ಮೆ ಕಳೆದರೆ ಪ್ರತಿ ಸಲವೂ ಮರಿಗೆ ದುಡ್ಡು ಕೊಡಬೇಕು.

ಈ ಗುಣ ಹೋಗುವುದೂ ಉಳಿಯುವುದೂ ಹುಂಜದ ಮೇಲೆ ನಿಂತಿದೆ. ಒಂದು ಅಲಂಕಾರದ ಹೇಂಟೆ ತಂದರೆ ಅದರ ಮರಿಗಳಷ್ಟೇ ಬೆರಕೆ. ಒಂದು ಅಲಂಕಾರದ ಹುಂಜ ತಂದು ನಾಟಿ ಹುಂಜವನ್ನು ಮಾರಿಬಿಟ್ಟರೆ ಮುಂದಿನ ವರ್ಷ ಹುಟ್ಟುವ ಪ್ರತಿ ಮರಿಯೂ ಅರ್ಧ ಬೆರಕೆ. ಆ ಮರಿ ಹೇಂಟೆಗಳಿಗೂ ಅದೇ ಹುಂಜ ಬಿದ್ದರೆ ಅದರ ಮುಂದಿನವು ಮುಕ್ಕಾಲು ಆ ತಳಿಯವೇ, ಜೊತೆಗೆ ರಕ್ತಸಂಬಂಧದ ದೋಷ ಬೇರೆ. ಎರಡೇ ವರ್ಷದಲ್ಲಿ ನಿಮ್ಮ ಅಜ್ಜಿಯ ಕಾಲದಿಂದ ಬಂದ ಕೋಳಿ ನಿಮ್ಮ ಹಿತ್ತಲಲ್ಲಿ ಇರುವುದಿಲ್ಲ.

ಆದ್ದರಿಂದ ಚೆಂದದ ಕೋಳಿ ಬೇಕೇ ಬೇಕು ಎನ್ನುವವರು ಹೇಂಟೆಯಿಂದ ಶುರು ಮಾಡುವುದು ಲೇಸು. ಜೋಡಿಯನ್ನೇ ತಂದರೆ ಅದಕ್ಕೆ ಬೇರೆ ಗೂಡು, ಬೇರೆ ಅಂಗಳ ಇರಲಿ. ನಾಟಿ ಹುಂಜವನ್ನು ಮಾತ್ರ ಕಳೆದುಕೊಳ್ಳಬೇಡಿ. ಅಕಸ್ಮಾತ್ ಬೆರೆತರೆ ಅಲಂಕಾರದ ಹುಂಜವನ್ನು ಬೇರೆ ಮಾಡಿದ ಕೂಡಲೇ ಕಾವಿಗೆ ಮೊಟ್ಟೆ ಇಡಬೇಡಿ. ಹುಂಜ ದೂರವಾದ ಮೇಲೂ ಎರಡು ಮೂರು ವಾರ ಹೇಂಟೆಯ ಮೊಟ್ಟೆಯಲ್ಲಿ ಅದರ ಮರಿಯೇ ಬರಬಹುದು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ನಮ್ಮವರು ಕೊಕ್ಕರೆ ರೋಗ ಎನ್ನುವ ಕಾಯಿಲೆಗೆ ಪುಸ್ತಕದಲ್ಲಿ ರಾಣಿಖೇತ್ ರೋಗ ಎಂದು ಹೆಸರು. 1926ರಲ್ಲಿ ಅದು ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಕಾಣಿಸಿಕೊಂಡಿತು. ಅದರ ಬೆನ್ನಲ್ಲೇ ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲಿ ಪತ್ತೆಯಾಯಿತು. ಸಾವಿರಾರು ಮೈಲಿ ದೂರದ ಊರುಗಳಲ್ಲಿ ಒಂದರ ಹಿಂದೆ ಒಂದರಂತೆ ಕಂಡ ಈ ರೋಗಕ್ಕೆ ಪಕ್ಕದ ಸಂತೆಯಿಂದ ನಿಮ್ಮ ಹಿತ್ತಲಿಗೆ ಬರುವುದು ಏನೂ ಕಷ್ಟವಲ್ಲ. ಅದು ಹೊಕ್ಕರೆ ಹತ್ತರಲ್ಲಿ ಒಂಬತ್ತು ಕೋಳಿ ಸತ್ತರೂ ಆಶ್ಚರ್ಯವಿಲ್ಲ.

ಹೊಸ ಕೋಳಿಯನ್ನು ಮೊದಲ ದಿನವೇ ಮಂದೆಗೆ ಬಿಡಬೇಡಿ. ಒಂದು ತಿಂಗಳು ದೂರದಲ್ಲಿ, ಬೇರೆ ನೀರು, ಬೇರೆ ಕಾಳು ಇಟ್ಟು ಸಾಕಿ. ಮೊದಲು ಹಳೆಯ ಕೋಳಿಗಳ ಕೆಲಸ ಮುಗಿಸಿ ಆಮೇಲೆ ಹೊಸದರ ಹತ್ತಿರ ಹೋಗಿ, ಬಂದು ಕೈಕಾಲು ತೊಳೆದುಕೊಳ್ಳಿ. ರಾಣಿಖೇತ್‌ಗೆ ಲಸಿಕೆ ಇದೆ. ಮರಿಗೆ ಮೊದಲ ವಾರದಲ್ಲಿ ಹನಿ ಹಾಕಿಸಿ, ಎಂಟು ವಾರದ ಹೊತ್ತಿಗೆ ಚುಚ್ಚುಮದ್ದು ಕೊಡಿಸಬೇಕು. ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ತಿಂಗಳು ಕಳೆದ ಮೇಲೆ ಸಂಜೆ ಗೂಡಿಗೆ ಸೇರುವ ಹೊತ್ತಿನಲ್ಲಿ ಜೊತೆಗೆ ಬಿಟ್ಟರೆ ಜಗಳ ಕಡಿಮೆ.

ಮಾರುವವರು ತೋರಿಸುವುದು ಫೋಟೊ. ನೀವು ಕೇಳಬೇಕಾದದ್ದು ಅದರ ತಾಯಿ ವರ್ಷಕ್ಕೆ ಎಷ್ಟು ಮೊಟ್ಟೆ ಇಟ್ಟಿತು, ಕಾವಿಗೆ ಕೂತಿತೇ, ಎಷ್ಟು ಮರಿ ಉಳಿಸಿತು, ಲಸಿಕೆ ಆಗಿದೆಯೇ ಎಂದು. ಬೋಸ್ಟನ್‌ನಲ್ಲಿ ನೂರು ಡಾಲರ್ ಕೊಟ್ಟ ಬಹಳ ಜನ ಈ ಪ್ರಶ್ನೆ ಕೇಳಲಿಲ್ಲ. ರೋಡ್ ಐಲೆಂಡಿನ ರೈತರು ವರ್ಷವರ್ಷವೂ ಇದನ್ನೇ ಕೇಳಿಕೊಂಡರು. ಸರಿಯಾದ ಉತ್ತರ ಸಿಕ್ಕರೆ ಚೆಂದದ ಹೇಂಟೆಯೊಂದನ್ನು ಧಾರಾಳವಾಗಿ ತನ್ನಿ. ಮುಂದಿನ ಕಾವಿಗೆ ಮಂಕರಿಯಲ್ಲಿ ಇಡುವ ಮೊಟ್ಟೆ ಮಾತ್ರ ನಿಮ್ಮ ನಾಟಿ ಹುಂಜದ್ದೇ ಇರಲಿ.